ವಿದ್ಯುತ್ ಕಾರಿನ ಬ್ಯಾಟರಿಯೂ ಅದರ ಆಯುಷ್ಯವೂ

ವಿದ್ಯುತ್ ಕಾರನ್ನು ಹೊಸದಾಗಿ ಕೊಂಡು ತಂದವರಲ್ಲಿ ಬಹುಮಂದಿ, ಸಂಜೆ ಮನೆ ಸೇರಿದೊಡನೆಯೇ ಅದನ್ನು ಚಾರ್ಜಿಗೆ ಹಾಕಿ, ಬೆಳಗಾಗುವ ಹೊತ್ತಿಗೆ ಬ್ಯಾಟರಿ ನೂರಕ್ಕೆ ನೂರು ತುಂಬಿರುವುದನ್ನು ಕಂಡು ನಿಶ್ಚಿಂತರಾಗುತ್ತಾರೆ. ಕಚೇರಿಗೆ ಹೋಗಿಬರುವ ದಾರಿ ಮೂವತ್ತೋ ನಲವತ್ತೋ ಕಿಲೋಮೀಟರಿಗಿಂತ ಹೆಚ್ಚಿಲ್ಲದಿದ್ದರೂ ಆ ರಾತ್ರಿ ಮತ್ತೆ ಅದೇ ಕ್ರಮ ನಡೆಯುತ್ತದೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧವಾಗಿ, ಬ್ಯಾಟರಿ ಪೂರ್ತಿ ಇಳಿದ ಮೇಲೆಯೇ ತುಂಬತಕ್ಕದ್ದು, ನಡುನಡುವೆ ತುಂಬಿದರೆ ಅದರ ಶಕ್ತಿ ಕುಂದುತ್ತದೆ ಎಂಬ ನಂಬಿಕೆಯಿಂದ, ಫಲಕದ ಮೇಲಿನ ಅಂಕಿ ಹತ್ತಕ್ಕೂ ಕೆಳಗಿಳಿಯುವವರೆಗೆ ಕಾದಿರುತ್ತಾರೆ. ಎರಡೂ ಪದ್ಧತಿಗಳು ವಸ್ತುವನ್ನು ಜೋಪಾನವಾಗಿಡಬೇಕೆಂಬ ಸದುದ್ದೇಶದಿಂದಲೇ ಹುಟ್ಟಿದವು; ಆದರೆ ಎರಡನ್ನೂ ನಾವು ಕಲಿತದ್ದು ಬೇರೆ ಜಾತಿಯ ಬ್ಯಾಟರಿಗಳಿಂದ, ಮತ್ತು ಈಗ ನಮ್ಮ ಕೈಸೇರಿರುವ ಲಿಥಿಯಂ ಬ್ಯಾಟರಿಗೆ ಇವೆರಡೂ ಹಿತವಲ್ಲ.

ಸದಾ ತುಂಬಿಟ್ಟಿರುವ ಅಭ್ಯಾಸ ನಮಗೆ ಬಂದದ್ದು ಸೀಸದ ಬ್ಯಾಟರಿಯಿಂದ. ಮನೆಯ ಯುಪಿಎಸ್ಸಿಗೆ ಜೋಡಿಸಿದ, ಆಗಾಗ್ಗೆ ಡಿಸ್ಟಿಲ್ಡ್ ವಾಟರ್ ಬೇಡುವ ಆ ಭಾರವಾದ ಪೆಟ್ಟಿಗೆಯನ್ನು ಇಳಿದ ಸ್ಥಿತಿಯಲ್ಲಿ ಬಹುಕಾಲ ಬಿಟ್ಟರೆ, ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ, ಮತ್ತೆ ಕರಗದಷ್ಟು ಗಡುಸಾಗಿ, ಕಡೆಗೆ ಬ್ಯಾಟರಿಯೇ ನಿರುಪಯುಕ್ತವಾಗುತ್ತದೆ. ಆದ್ದರಿಂದ ಅದನ್ನು ತುಂಬಿಯೇ ಇಟ್ಟಿರುವುದು ವಿವೇಕ. ಚೇತನ್ ಮೈನಿಯವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಬೀದಿಗಿಳಿದ ರೇವಾ ಎಂಬ ಪುಟ್ಟ ಕಾರು ಮುಂದಿನ ಆಸನಗಳ ಅಡಿಯಲ್ಲಿ ಹೊತ್ತಿದ್ದುದು ಇಂಥ ಸೀಸದ ಬ್ಯಾಟರಿಗಳನ್ನೇ ಆದ್ದರಿಂದ, ಅದರ ಒಡೆಯರು ಮನೆಗೆ ಬಂದೊಡನೆ ಪ್ಲಗ್ಗು ಸಿಕ್ಕಿಸುತ್ತಿದ್ದುದು ಸರ್ವಥಾ ಯುಕ್ತವಾಗಿತ್ತು. ಆ ಸಂಸ್ಥೆ 2010ರಲ್ಲಿ ಮಹೀಂದ್ರಾ ಸಮೂಹದ ಕೈಸೇರಿ, 2013ರಲ್ಲಿ ಇ-ಟು-ಓ ಎಂಬ ಹೊಸ ಕಾರು ಲಿಥಿಯಂ ಬ್ಯಾಟರಿಯೊಡನೆ ಹೊರಬಂದಾಗ, ಬ್ಯಾಟರಿಯ ಜೊತೆಗೆ ಅದನ್ನು ನೋಡಿಕೊಳ್ಳುವ ರೀತಿಯೂ ಬದಲಾಗಬೇಕಾಗಿತ್ತು. ಪೂರ್ತಿ ಇಳಿಸಿ ತುಂಬುವ ಎರಡನೆಯ ಅಭ್ಯಾಸವಂತೂ ಮೊದಮೊದಲ ಮೊಬೈಲುಗಳಲ್ಲಿಯೂ ಟಾರ್ಚುಗಳಲ್ಲಿಯೂ ಇದ್ದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಆ ಬ್ಯಾಟರಿಗಳೇ ಈಗ ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿವೆ.

ಲಿಥಿಯಂ ಅಯಾನು ಬ್ಯಾಟರಿಯನ್ನು ಜಪಾನಿನ ಸೋನಿ ಸಂಸ್ಥೆ 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಅದಕ್ಕೆ ತಳಹದಿ ಹಾಕಿದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಜಾನ್ ಗುಡಿನಫ್, ಅಕಿರಾ ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಾಗ, ಅವರಲ್ಲಿ ಹಿರಿಯರಾದ ಗುಡಿನಫ್‌ರಿಗೆ ತೊಂಬತ್ತೇಳು ವರ್ಷ. ಈ ಬ್ಯಾಟರಿಯ ಒಂದೊಂದು ಕೋಶದೊಳಗೂ ಎರಡು ಫಲಕಗಳುಂಟು: ಒಂದು ಗ್ರ್ಯಾಫೈಟಿನದು, ಮತ್ತೊಂದು ನಿಕಲ್, ಮ್ಯಾಂಗನೀಸ್, ಕೋಬಾಲ್ಟುಗಳು ಕೂಡಿದ ಆಕ್ಸೈಡಿನದೋ, ಇಲ್ಲವೆ ಕಬ್ಬಿಣದ ಫಾಸ್ಫೇಟಿನದೋ ಆಗಿರುತ್ತದೆ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಈ ಎರಡನೆಯ ಫಲಕವನ್ನು ಬಿಟ್ಟು, ನಡುವಣ ದ್ರವವನ್ನು ದಾಟಿ, ಗ್ರ್ಯಾಫೈಟಿನ ಪದರಗಳ ಸಂದಿನಲ್ಲಿ ನೆಲೆಗೊಳ್ಳುತ್ತವೆ. ಕಾರು ಓಡುವಾಗ ಬಂದ ದಾರಿಯಲ್ಲಿಯೇ ಹಿಂದಿರುಗುತ್ತವೆ. ಈ ಹೋಗಿಬರುವಿಕೆಯಲ್ಲಿ ಯಾವ ಅಯಾನೂ ಕಳೆದುಹೋಗದಿದ್ದರೆ ಬ್ಯಾಟರಿಗೆ ಮುಪ್ಪೇ ಇರುತ್ತಿರಲಿಲ್ಲ.

ಕಳೆದುಹೋಗುವುದು ಹೇಗೆಂದರೆ, ಮೊತ್ತಮೊದಲ ಸಲ ಚಾರ್ಜು ಮಾಡಿದಾಗಲೇ ಗ್ರ್ಯಾಫೈಟಿನ ಮೈಮೇಲೆ ಒಂದು ಅತಿ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಅದು ರಕ್ಷಕವೂ ಹೌದು, ಅದಿಲ್ಲದಿದ್ದರೆ ದ್ರವವೆಲ್ಲ ಫಲಕದೊಡನೆ ವರ್ತಿಸಿ ಕೋಶ ಬೇಗನೆ ಹಾಳಾಗುತ್ತಿತ್ತು. ಭಕ್ಷಕವೂ ಹೌದು, ಏಕೆಂದರೆ ಆ ಪೊರೆ ವರ್ಷದಿಂದ ವರ್ಷಕ್ಕೆ ಮೆಲ್ಲಮೆಲ್ಲನೆ ದಪ್ಪವಾಗುತ್ತ, ದಪ್ಪವಾದಷ್ಟೂ ಲಿಥಿಯಮನ್ನು ತನ್ನೊಳಗೆ ಹುದುಗಿಸಿಕೊಂಡು, ಮುಂದೆ ಓಡಾಟಕ್ಕೆ ಒದಗದಂತೆ ಮಾಡುತ್ತದೆ. ಕಾರನ್ನು ಒಂದು ಹೆಜ್ಜೆಯೂ ಓಡಿಸದೆ ನಿಲ್ಲಿಸಿದ್ದರೂ ಈ ವ್ಯಾಪಾರ ನಡೆದೇ ಇರುತ್ತದೆ. ಅದನ್ನು ತಡೆಯುವ ಶಕ್ತಿ ನಮಗಿಲ್ಲ. ಅದರ ವೇಗವನ್ನು ಕುಗ್ಗಿಸುವ ಶಕ್ತಿಯುಂಟು. ಆ ವೇಗವನ್ನು ನಿರ್ಣಯಿಸುವ ಪ್ರಧಾನ ಸಂಗತಿಗಳು ಎರಡು: ಕೋಶದ ಉಷ್ಣತೆ, ಮತ್ತು ಅದು ಎಷ್ಟು ತುಂಬಿದ ಸ್ಥಿತಿಯಲ್ಲಿ ಎಷ್ಟು ಹೊತ್ತು ಇರುತ್ತದೆಂಬುದು. ನಿಕಲ್ ಜಾತಿಯ ಕೋಶ ಅರ್ಧ ತುಂಬಿದಾಗ ಸುಮಾರು 3.7 ವೋಲ್ಟಿನಲ್ಲಿದ್ದು, ಪೂರ್ಣವಾದಾಗ ಸುಮಾರು 4.2 ವೋಲ್ಟಿಗೇರುತ್ತದೆ. ನೋಡುವುದಕ್ಕೆ ಅಲ್ಪವೆನಿಸುವ ಈ ಅರ್ಧ ವೋಲ್ಟಿನ ಏರಿಕೆಯೇ ಒಳಗಿನ ದ್ರವಕ್ಕೂ ಫಲಕಗಳಿಗೂ ದುಸ್ಸಹವಾದ ಒತ್ತಡವನ್ನು ತರುವುದರಿಂದ, ತುದಿಮುಟ್ಟ ತುಂಬಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬ್ಯಾಟರಿ, ಅರ್ಧ ತುಂಬಿ ನೆರಳಿನಲ್ಲಿ ನಿಂತದ್ದಕ್ಕಿಂತ ಶೀಘ್ರವಾಗಿ ಸವೆಯುತ್ತದೆ.

ನಿತ್ಯದ ಓಡಾಟಕ್ಕೆ ಎಂಬತ್ತು ಪ್ರತಿಶತದವರೆಗೆ ತುಂಬಿದರೆ ಸಾಕು, ಇಪ್ಪತ್ತಕ್ಕಿಂತ ಕೆಳಗೆ ಇಳಿಯಗೊಡದಿರುವುದು ಲೇಸು ಎಂದು ತಿಳಿದವರು ಹೇಳುವುದರ ಅಂತರಾರ್ಥ ಇದೇ. ತೀರ ಕೆಳಗಿಳಿಸಿ ತುಂಬುವುದರಿಂದ ಫಲಕದ ಕಣಗಳು ಹೆಚ್ಚು ಹಿಗ್ಗಿ ಹೆಚ್ಚು ಕುಗ್ಗಿ ಸೂಕ್ಷ್ಮವಾಗಿ ಬಿರುಕು ಬಿಡುವುದುಂಟು. ಆದಕಾರಣ ತೊಂಬತ್ತು ಪ್ರತಿಶತವನ್ನು ಒಮ್ಮೆಗೇ ಇಳಿಸಿ ಒಮ್ಮೆಗೇ ಏರಿಸುವುದಕ್ಕಿಂತ, ಮೂವತ್ತು ಮೂವತ್ತರಂತೆ ಮೂರು ಸಲ ತುಂಬುವುದು ಬ್ಯಾಟರಿಗೆ ಸೌಮ್ಯ. ಪದೇ ಪದೇ ಪ್ಲಗ್ಗು ಹಾಕಿದರೆ ಬ್ಯಾಟರಿ ಸೋಲುತ್ತದೆಂಬ ಭಯಕ್ಕೆ ಲಿಥಿಯಮ್ಮಿನ ವಿಷಯದಲ್ಲಿ ಆಧಾರವಿಲ್ಲ.

ಎಷ್ಟು ತುಂಬಬೇಕೆಂಬುದರಷ್ಟೇ ಮುಖ್ಯವಾದದ್ದು, ಯಾವಾಗ ತುಂಬಬೇಕೆಂಬುದು. ಇದನ್ನು ನಮ್ಮವರು ಸಾಕಷ್ಟು ಗಮನಿಸುತ್ತಿಲ್ಲವೆಂದು ನನ್ನ ಅಭಿಪ್ರಾಯ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ತನ್ನ ಪಾಲಿನ ಕಂಬಕ್ಕೆ ಹಾಕಿಸಿಕೊಂಡ ಹದಿನೈದು ಆಂಪಿಯರಿನ ಸಾಕೆಟ್ಟಿನಿಂದ ಕಾರನ್ನು ಚಾರ್ಜು ಮಾಡುವ ಒಬ್ಬ ಗೃಹಸ್ಥರ ಲೆಕ್ಕವನ್ನು ನೋಡೋಣ. ಸಾಕೆಟ್ಟು ಕೊಡುವುದು ಸುಮಾರು ಮೂರು ಕಿಲೋವ್ಯಾಟ್. ದಾರಿಯಲ್ಲಿ ಕೊಂಚ ನಷ್ಟವಾಗಿ, ನಲವತ್ತು ಕಿಲೋವ್ಯಾಟ್-ಗಂಟೆಯ ಬ್ಯಾಟರಿಗೆ ಸೇರುವುದು ಗಂಟೆಗೆ ಆರರಿಂದ ಏಳು ಪ್ರತಿಶತ. ಐವತ್ತರಿಂದ ಎಂಬತ್ತಕ್ಕೆ ಏರಿಸಲು ಹೆಚ್ಚೆಂದರೆ ಐದು ಗಂಟೆ ಸಾಕಾದದ್ದರಿಂದ, ಸಂಜೆ ಏಳಕ್ಕೆ ಪ್ರಾರಂಭಿಸಿದರೆ ಮಧ್ಯರಾತ್ರಿಗೆ ಕೆಲಸ ಮುಗಿದು ಕಾರು ಬೆಳಗಿನವರೆಗೆ ಸುಮ್ಮನೆ ನಿಂತಿರುತ್ತದೆ. ಅದನ್ನೇ ಕಾರಿನ ಪರದೆಯಲ್ಲಿಯೋ ಮೊಬೈಲಿನ ಆ್ಯಪಿನಲ್ಲಿಯೋ ಕಾಲವನ್ನು ಗೊತ್ತುಪಡಿಸಿ ರಾತ್ರಿ ಒಂದು ಗಂಟೆಗೆ ಆರಂಭವಾಗುವಂತೆ ಮಾಡಿದರೆ, ಹಗಲಿನ ಓಡಾಟದಿಂದ ಬೆಚ್ಚಗಾದ ಬ್ಯಾಟರಿ ಅಷ್ಟರೊಳಗೆ ತಣಿದಿರುತ್ತದೆ, ಚಾರ್ಜು ಮುಗಿಯುವ ವೇಳೆಗೆ ಹೊರಡುವ ಹೊತ್ತೂ ಸಮೀಪಿಸಿರುತ್ತದೆ. ಮರುದಿನ ಧರ್ಮಸ್ಥಳಕ್ಕೋ ಹಂಪಿಗೋ ಹೋಗಬೇಕಾಗಿದ್ದರೆ ನೂರಕ್ಕೆ ನೂರು ತುಂಬುವುದರಲ್ಲಿ ಲೇಶಮಾತ್ರವೂ ತಪ್ಪಿಲ್ಲ. ನೂರು ಮುಟ್ಟಿದ ಒಂದು ಗಂಟೆಯೊಳಗೆ ಕಾರು ರಸ್ತೆಯ ಮೇಲಿದ್ದರಾಯಿತು. ತುಂಬುವುದು ಹಾನಿಯಲ್ಲ, ತುಂಬಿ ನಿಲ್ಲಿಸುವುದು ಹಾನಿ.

ಎಂಬತ್ತರ ಈ ಮಿತಿಗೆ ಒಂದು ವಿಚಿತ್ರವಾದ ಇತಿಹಾಸವೂ ಇದೆ. 2010ರ ಕೊನೆಗೆ ಮಾರುಕಟ್ಟೆಗೆ ಬಂದ ನಿಸ್ಸಾನ್ ಲೀಫ್ ಕಾರಿನಲ್ಲಿ, ಎಂಬತ್ತಕ್ಕೆ ಚಾರ್ಜನ್ನು ನಿಲ್ಲಿಸುವ ಏರ್ಪಾಡನ್ನು ತಯಾರಕರು ದೀರ್ಘಾಯುಷ್ಯದ ದೃಷ್ಟಿಯಿಂದಲೇ ಮಾಡಿದ್ದರು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯವರು 2013ರ ಮಾದರಿಯನ್ನು ಪರೀಕ್ಷಿಸಿದಾಗ, ಪೂರ್ತಿ ತುಂಬಿದರೆ 84 ಮೈಲಿ, ಎಂಬತ್ತಕ್ಕೆ ತುಂಬಿದರೆ 66 ಮೈಲಿ ಓಡುವುದೆಂದು ಕಂಡು, ಎರಡರ ಸರಾಸರಿಯಾದ 75 ಮೈಲಿಯನ್ನೇ ಅಧಿಕೃತ ದೂರವೆಂದು ನಮೂದಿಸಿದರು. ಕೊಳ್ಳುವವರು ನೋಡುವುದು ಆ ಒಂದು ಅಂಕಿಯನ್ನೇ ಆದ್ದರಿಂದ, ಮರುವರ್ಷದ ಕಾರಿನಿಂದ ಸಂಸ್ಥೆಯವರು ಆ ಏರ್ಪಾಡನ್ನೇ ತೆಗೆದುಹಾಕಿದರು! ಬ್ಯಾಟರಿಗೆ ಹಿತವಾದ ಒಂದು ಸೌಕರ್ಯ ಲೆಕ್ಕದ ಪದ್ಧತಿಯೊಂದಕ್ಕೆ ಬಲಿಯಾದದ್ದು ವಿಷಾದಕರ; ಇಂದಿನ ಅನೇಕ ಕಾರುಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಿರುವುದು ಸಮಾಧಾನದ ವಿಷಯ.

ಇಲ್ಲಿಯವರೆಗೆ ಹೇಳಿದ್ದು ವಿಶೇಷವಾಗಿ ನಿಕಲ್ ಜಾತಿಯ ಬ್ಯಾಟರಿಗೆ ಅನ್ವಯಿಸತಕ್ಕದ್ದು. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಟಾಟಾ ನೆಕ್ಸಾನ್ ಇವಿಯಂಥ ಕಾರುಗಳಲ್ಲಿರುವುದು ಕಬ್ಬಿಣ-ಫಾಸ್ಫೇಟಿನ ಬ್ಯಾಟರಿ. ಎಲ್‌ಎಫ್‌ಪಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಇದರ ಸ್ವಭಾವ ಹೆಚ್ಚು ಸಹನಶೀಲ, ಪೂರ್ಣಗೊಂಡಾಗಲೂ ವೋಲ್ಟೇಜು 3.65ನ್ನು ಮೀರದು, ಬೆಂಕಿಯ ಭಯವೂ ಇದರಲ್ಲಿ ಕಡಮೆ. ಆದರೆ ಇದಕ್ಕೊಂದು ತೊಡಕುಂಟು. ಇಪ್ಪತ್ತರಿಂದ ಎಂಬತ್ತರವರೆಗಿನ ದೀರ್ಘಾವಧಿಯಲ್ಲಿ ಇದರ ವೋಲ್ಟೇಜು ಹೆಚ್ಚುಕಡಮೆ ಒಂದೇ ಮಟ್ಟದಲ್ಲಿ, ಸುಮಾರು 3.2-3.3ರ ನಡುವೆ ನಿಂತುಬಿಡುವುದರಿಂದ, ಒಳಗೆಷ್ಟು ಉಳಿದಿದೆಯೆಂದು ಲೆಕ್ಕವಿಡುವ ಕಾರಿನ ನಿಯಂತ್ರಕಕ್ಕೆ ಖಚಿತವಾದ ಗುರುತು ಸಿಕ್ಕುವುದಿಲ್ಲ. ಬಹಳ ದಿನ ನೂರಕ್ಕೇರಿಸದಿದ್ದರೆ ಅಂದಾಜಿನಲ್ಲಿ ತಪ್ಪು ಕೂಡುತ್ತ ಕೂಡುತ್ತ, ಪರದೆಯ ಮೇಲೆ ಹದಿನೈದು ಪ್ರತಿಶತವೆಂದು ಕಾಣುತ್ತಿರುವಾಗಲೇ ಕಾರು ನಿಸ್ಸಹಾಯವಾಗಿ ನಿಂತುಬಿಡುವ ಪ್ರಸಂಗವೂ ಒದಗಬಹುದು. ಕೋಶಗಳನ್ನು ಒಂದಕ್ಕೊಂದು ಸರಿತೂಗಿಸುವ ಕೆಲಸವೂ ಬಹುಮಟ್ಟಿಗೆ ನಡೆಯುವುದು ಪೂರ್ಣಚಾರ್ಜಿನ ಕೊನೆಯ ಘಟ್ಟದಲ್ಲಿಯೇ. ಈ ಕಾರಣದಿಂದಲೇ ಟೆಸ್ಲಾ ಸಂಸ್ಥೆ ಎಲ್‌ಎಫ್‌ಪಿ ಕಾರುಗಳನ್ನು ವಾರಕ್ಕೊಮ್ಮೆಯಾದರೂ ನೂರಕ್ಕೇರಿಸಲು ಹೇಳುತ್ತದೆ. ನಮ್ಮ ತಯಾರಕರ ಕೈಪಿಡಿಗಳಲ್ಲಿಯೂ ನಿಧಾನದ ಚಾರ್ಜರಿನಿಂದ ನಿಯತವಾಗಿ ಪೂರ್ತಿ ತುಂಬಬೇಕೆಂಬ ಸೂಚನೆ ಕಾಣುವುದುಂಟು.

ಹಾಗೆಂದು ಎಲ್‌ಎಫ್‌ಪಿಗೆ ಪೂರ್ಣತೆಯಿಂದ ಸವೆತವೇ ಇಲ್ಲವೆಂದು ಭಾವಿಸಲಾಗದು. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಜೆಫ್ ಡಾನ್‌ರ ತಂಡದವರು 2024ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಈ ಜಾತಿಯ ಕೋಶಗಳು ಕೂಡ ಮೇಲುಮಟ್ಟದಲ್ಲಿಯೇ ಇಳಿದೇರುತ್ತಿದ್ದರೆ ಬೇಗ ಶಕ್ತಿಗುಂದುತ್ತವೆಂದು ತೋರಿಸಿಕೊಟ್ಟಿವೆ. ಎರಡು ಮಾತುಗಳೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಆಚರಣೆಯಲ್ಲಿ ಹೊಂದಿಕೊಳ್ಳುತ್ತವೆ: ವಾರದ ಉಳಿದ ದಿನಗಳಲ್ಲಿ ಎಂಬತ್ತರ ಒಳಗಿದ್ದು, ಒಂದು ದಿನ, ಅದೂ ಹೊರಡುವುದಕ್ಕೆ ಮುಂಚೆ, ನೂರು ತುಂಬಿದರೆ ಲೆಕ್ಕವೂ ಸರಿಯಾಗುತ್ತದೆ, ಸವೆತವೂ ಹೆಚ್ಚದು. ತಮ್ಮ ಕಾರಿನಲ್ಲಿರುವುದು ಯಾವ ಜಾತಿಯ ಬ್ಯಾಟರಿಯೆಂಬುದನ್ನು ಅರಿಯದೆ ನೆರೆಯವರ ಕ್ರಮವನ್ನು ಅನುಸರಿಸುವುದು ಮಾತ್ರ ಸಲ್ಲದು; ಕೈಪಿಡಿಯ ಚಾರ್ಜಿಂಗ್ ಪ್ರಕರಣವನ್ನು ಒಮ್ಮೆ ನಿಧಾನವಾಗಿ ಓದಿದರೆ ಇದೆಲ್ಲ ತಿಳಿಯುತ್ತದೆ.

ಉಷ್ಣದ ವಿಷಯಕ್ಕೆ ಬಂದರೆ, ಮತ್ತೆ ಅದೇ ಲೀಫ್ ಕಾರನ್ನು ನೆನೆಯಬೇಕಾಗುತ್ತದೆ. ಆ ಕಾರಿನ ಬ್ಯಾಟರಿಯನ್ನು ತಣಿಸಲು ದ್ರವದ ಏರ್ಪಾಡು ಇರಲಿಲ್ಲ. ಸಮಶೀತೋಷ್ಣದ ನಾಡುಗಳಲ್ಲಿ ಇದರಿಂದ ದೊಡ್ಡ ಬಾಧಕವೇನೂ ತೋರದಿದ್ದರೂ, ಅಮೆರಿಕದ ಅರಿಜೋನಾ ಮರುಭೂಮಿಯ ಫೀನಿಕ್ಸ್ ನಗರದ ಸುತ್ತಮುತ್ತ, ಕೊಂಡು ಎರಡು ವರ್ಷ ತುಂಬುವುದರೊಳಗೆ ಕಾರುಗಳ ಬ್ಯಾಟರಿಶಕ್ತಿ ಇಳಿದು, 2012ರಲ್ಲಿ ಒಡೆಯರ ದೂರುಗಳು ಎದ್ದುವು. ಸಂಸ್ಥೆಯವರು ಬ್ಯಾಟರಿಯ ಶಕ್ತಿಗೆ ಪ್ರತ್ಯೇಕ ಖಾತರಿಯನ್ನು ಕೊಡಬೇಕಾಯಿತು, ಉಷ್ಣವನ್ನು ಹೆಚ್ಚು ತಾಳಿಕೊಳ್ಳುವ ಕೋಶಗಳನ್ನೂ ರೂಪಿಸಬೇಕಾಯಿತು. ಈಗಿನ ಬಹುಪಾಲು ಕಾರುಗಳಲ್ಲಿ ದ್ರವದಿಂದ ತಣಿಸುವ ವ್ಯವಸ್ಥೆಯಿದ್ದರೂ, ಕಾರು ನಿಂತು ಮಲಗಿರುವಾಗ ಅದು ಸದಾ ಎಚ್ಚರವಾಗಿರುವುದಿಲ್ಲ. ಬೆಂಗಳೂರು ಮೈಸೂರುಗಳ ಹವೆ ಲಿಥಿಯಂ ಬ್ಯಾಟರಿಗೆ ಬಹುಮಟ್ಟಿಗೆ ಅನುಕೂಲವೇ. ಆದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ನಲವತ್ತು ಡಿಗ್ರಿಯನ್ನು ಮೀರುವ ರಾಯಚೂರು, ಕಲಬುರಗಿಗಳಲ್ಲಿ, ಮಧ್ಯಾಹ್ನ ಓಡಿಸಿ ತಂದ ಕಾರನ್ನು ಕಾದ ಡಾಂಬರಿನ ಮೇಲೆ ನಿಲ್ಲಿಸಿ ಆ ಕ್ಷಣವೇ ಚಾರ್ಜಿಗೆ ಹಾಕುವುದಕ್ಕಿಂತ, ಬೇವಿನ ನೆರಳಿನಲ್ಲೋ ಶೆಡ್ಡಿನಲ್ಲೋ ನಿಲ್ಲಿಸಿ, ಹೊತ್ತು ಮುಳುಗಿ ನೆಲ ತಣಿದ ಮೇಲೆ ಹಾಕುವುದು ಎಷ್ಟೋ ಮೇಲು. ಮಿಷಿಗನ್ನಿನಲ್ಲೋ ಟೊರಾಂಟೋದಲ್ಲೋ ನೆಲೆಸಿರುವ ನಮ್ಮವರಿಗೆ ಇದರ ವಿಪರ್ಯಾಯ: ಅಲ್ಲಿನ ಚಳಿಯಲ್ಲಿ ಹೆಪ್ಪುಗಟ್ಟುವಷ್ಟು ತಣ್ಣಗಾದ ಬ್ಯಾಟರಿಯನ್ನು ಮೊದಲು ಬೆಚ್ಚಗೆ ಮಾಡಿಕೊಂಡೇ ವೇಗದ ಚಾರ್ಜಿಗೆ ಹಾಕಬೇಕು.

ಹೆದ್ದಾರಿಯ ಬದಿಯಲ್ಲಿ ಈಗ ಧಾರಾಳವಾಗಿ ಕಾಣುವ ಡಿಸಿ ಫಾಸ್ಟ್ ಚಾರ್ಜರುಗಳ ವಿಷಯದಲ್ಲಿ ಜನರಿಗೆ ಅತಿಭಯವೂ ಉಂಟು, ಅತಿವಿಶ್ವಾಸವೂ ಉಂಟು. ಖಾಲಿ ಬಸ್ಸಿಗೆ ಹತ್ತುವವರು ಸರಸರನೆ ಒಳಹೋಗಿ ಸೀಟು ಹಿಡಿಯುತ್ತಾರೆ, ಬಸ್ಸು ತುಂಬುತ್ತ ಬಂದಂತೆ ಕೊನೆಯವರು ಬಾಗಿಲಲ್ಲಿಯೇ ನಿಂತು ಎಡೆಗಾಗಿ ತಡಕಾಡುತ್ತಾರೆ. ಗ್ರ್ಯಾಫೈಟಿನೊಳಗೆ ಹೊಕ್ಕುವ ಅಯಾನುಗಳ ಪಾಡೂ ಇಂಥದೇ. ಎಡೆ ಸಿಕ್ಕುವುದಕ್ಕಿಂತ ಬೇಗನೆ ಅವುಗಳನ್ನು ನೂಕಿದರೆ, ಅವು ಒಳಹೋಗಲಾರದೆ ಹೊರಮೈಯ ಮೇಲೆಯೇ ಲೋಹದ ಲೇಪವಾಗಿ ಕುಳಿತುಬಿಡುತ್ತವೆ. ಹೀಗೆ ಕುಳಿತ ಲಿಥಿಯಮ್ಮಿನಲ್ಲಿ ಒಂದು ಪಾಲು ಮತ್ತೆ ಕೆಲಸಕ್ಕೆ ಬಾರದು. ಇದನ್ನು ತಪ್ಪಿಸುವುದಕ್ಕಾಗಿಯೇ ಎಂಬತ್ತರ ಆಸುಪಾಸಿನಲ್ಲಿ ಕಾರು ತಾನಾಗಿ ವೇಗವನ್ನು ಇಳಿಸಿಬಿಡುತ್ತದೆ. ಹತ್ತರಿಂದ ಎಂಬತ್ತಕ್ಕೆ ಏರಲು ಹಿಡಿದಷ್ಟೇ ಕಾಲ ಕೊನೆಯ ಇಪ್ಪತ್ತಕ್ಕೂ ಹಿಡಿಯಬಹುದಾದ್ದರಿಂದ, ಹಾಸನದಲ್ಲಿ ನಿಂತು ಮಂಗಳೂರಿಗೆ ಹೊರಟವರು ಎಂಬತ್ತಕ್ಕೆ ಸಾಕುಮಾಡಿ ಮುಂದುವರಿಯುವುದರಲ್ಲಿ ಬ್ಯಾಟರಿಗೂ ಹಿತವಿದೆ, ಹಿಂದೆ ಸರತಿಯಲ್ಲಿ ಕಾದಿರುವವರಿಗೂ ಉಪಕಾರವಿದೆ. ಪ್ರವಾಸದಲ್ಲಿ ಅಗತ್ಯಬಿದ್ದಾಗ ಫಾಸ್ಟ್ ಚಾರ್ಜರನ್ನು ಬಳಸಲು ಅಂಜಬೇಕಾಗಿಲ್ಲ. ಮನೆಯಲ್ಲಿ ಅನುಕೂಲವಿದ್ದೂ ನಿತ್ಯವೂ ಅದನ್ನೇ ಆಶ್ರಯಿಸುವುದು ಮಾತ್ರ ಬೇಡ.

ಬೆಟ್ಟದ ಮೇಲಿರುವವರಿಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಇಳಿಜಾರಿನಲ್ಲಿ ಮೋಟಾರೇ ಜನಕವಾಗಿ ಮಾರ್ಪಟ್ಟು, ಕಾರಿನ ವೇಗವನ್ನು ತಡೆಯುತ್ತಲೇ ಬ್ಯಾಟರಿಗೆ ವಿದ್ಯುತ್ತನ್ನು ಹಿಂತಿರುಗಿಸುವುದು ಈ ಕಾರುಗಳ ಅತ್ಯಂತ ರಮಣೀಯವಾದ ಗುಣ. ಆದರೆ ಮಡಿಕೇರಿಯಲ್ಲಿ ನೂರಕ್ಕೆ ನೂರು ತುಂಬಿಕೊಂಡು ಸಂಪಾಜೆಯ ಘಟ್ಟವನ್ನು ಇಳಿಯಹೊರಟವರಿಗೆ ಆ ವಿದ್ಯುತ್ತನ್ನು ಇಡಲು ಎಡೆಯೇ ಇರುವುದಿಲ್ಲ. ನಿತ್ಯದಂತೆ ಪೆಡಲಿನಿಂದ ಕಾಲೆತ್ತಿದರೆ ಕಾರು ನಿಧಾನವಾಗದೆ ಜಾರುತ್ತಲೇ ಹೋಗಿ, ತಿರುವು ತಿರುವಿಗೂ ಬ್ರೇಕನ್ನೇ ತುಳಿಯಬೇಕಾಗುತ್ತದೆ. ಎಂಬತ್ತಕ್ಕೆ ಹೊರಟರೆ ಸುಳ್ಯ ಮುಟ್ಟುವವರೆಗೂ ಘಟ್ಟವೇ ಕಾರನ್ನು ಪೋಷಿಸುತ್ತದೆ.

ಹಳ್ಳಿಯ ಮನೆಗಳಲ್ಲಿ ಎದುರಾಗುವ ತೊಂದರೆ ಬೇರೆ ಬಗೆಯದು. ಹಬ್ಬಕ್ಕೆಂದು ಊರಿಗೆ ಹೋಗಿ, ಜಗಲಿಯ ಸಾಕೆಟ್ಟಿಗೆ ಕಾರಿನ ಚಾರ್ಜರನ್ನು ಸಿಕ್ಕಿಸಿದೊಡನೆ ಅದರ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗಿ, ಚಾರ್ಜು ಆರಂಭವಾಗದಿದ್ದರೆ, ಅನೇಕ ವೇಳೆ ಅದರ ಕಾರಣ ಅರ್ತಿಂಗ್ ಇಲ್ಲದಿರುವುದು ಅಥವಾ ಸರಿಯಿಲ್ಲದಿರುವುದು. ಆ ನಿರಾಕರಣೆ ನಮ್ಮ ಪ್ರಾಣರಕ್ಷಣೆಗಾಗಿಯೇ ಇಟ್ಟದ್ದಾದ್ದರಿಂದ, ಅದನ್ನು ವಂಚಿಸುವ ಉಪಾಯಗಳನ್ನು ಹುಡುಕದೆ, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ತಿಂಗನ್ನು ಸರಿಪಡಿಸಿಕೊಳ್ಳುವುದೇ ಕ್ಷೇಮ. ತೆಳುವಾದ ವೈರಿನ ಎಕ್ಸ್‌ಟೆನ್ಷನ್ ಬೋರ್ಡಿನಿಂದ ರಾತ್ರಿಯಿಡೀ ಹದಿನೈದು ಆಂಪಿಯರ್ ಎಳೆಯುವುದೂ ಅಷ್ಟೇ ಅಪಾಯ.

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಬಾಣಂತನಕ್ಕೋ ತಿಂಗಳುಗಟ್ಟಲೆ ಹೋಗುವ ಹಿರಿಯರು, ಹೊರಡುವ ಹಿಂದಿನ ದಿನ ಮನೆಯ ಗ್ಯಾಸಿನಿಂದ ಹಿಡಿದು ನಲ್ಲಿಯವರೆಗೆ ಎಲ್ಲವನ್ನೂ ನೋಡಿಕೊಂಡು, ಕಾರನ್ನೂ ಪೂರ್ತಿ ತುಂಬಿಯೇ ಹೋಗೋಣವೆಂದು ಚಾರ್ಜಿಗೆ ಹಾಕಿಬಿಡುತ್ತಾರೆ. ಹಾಗೆ ಮಾಡದೆ ಐವತ್ತರ ಸುಮಾರಿನಲ್ಲಿ ಬಿಟ್ಟು, ಪ್ಲಗ್ಗನ್ನು ತೆಗೆದು, ನೆರಳಿನಲ್ಲಿ ನಿಲ್ಲಿಸಿ ಹೋಗುವುದು ಒಳಿತು; ದೊಡ್ಡ ಬ್ಯಾಟರಿ ಈ ಸ್ಥಿತಿಯಲ್ಲಿ ತಿಂಗಳುಗಳ ಕಾಲ ಸ್ವಸ್ಥವಾಗಿರಬಲ್ಲದು. ಕೈಕೊಡುವುದು ಹೆಚ್ಚಾಗಿ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ. ಬಾಗಿಲು, ದೀಪ, ಪರದೆಗಳನ್ನು ನಡೆಯಿಸುವ ಅದು ಬಹಳ ಕಾರುಗಳಲ್ಲಿ ಇನ್ನೂ ಸೀಸದ್ದೇ, ಮತ್ತು ಅದು ಇಳಿದುಹೋದರೆ ದೊಡ್ಡ ಬ್ಯಾಟರಿ ಎಷ್ಟೇ ತುಂಬಿದ್ದರೂ ಕಾರು ಏಳುವುದಿಲ್ಲ. ನೆಂಟರೋ ನೆರೆಯವರೋ ಹದಿನೈದು ದಿನಕ್ಕೊಮ್ಮೆ ಕಾರನ್ನು ಆನ್ ಮಾಡಿ ಅರ್ಧ ಗಂಟೆ ಬಿಟ್ಟರೆ, ದೊಡ್ಡದು ಚಿಕ್ಕದಕ್ಕೆ ಉಣಿಸಿ ಎಚ್ಚರವಾಗಿಡುತ್ತದೆ.

ತಯಾರಕರಲ್ಲಿ ಅನೇಕರು ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಖಾತರಿಯನ್ನು ಕೊಡುತ್ತಾರೆ. ಅಷ್ಟರೊಳಗೆ ಶಕ್ತಿ ಗೊತ್ತಾದ ಮಿತಿಗಿಂತ, ಹಲವರ ಪ್ರಕಾರ ಎಪ್ಪತ್ತು ಪ್ರತಿಶತಕ್ಕಿಂತ, ಕೆಳಗಿಳಿದರೆ ಸರಿಪಡಿಸಿಕೊಡುವುದು ಅವರ ಹೊಣೆ. ಎಂಬತ್ತೆಂಬ ಅಂಕಿಯನ್ನು ವ್ರತದಂತೆ ಹಿಡಿದು, ಒಂದು ದಿನ ತಪ್ಪಿದರೆ ಪರಿತಪಿಸುವ ಅಗತ್ಯ ಯಾರಿಗೂ ಇಲ್ಲ. ಕಾರನ್ನು ಕೊಂಡದ್ದು ಓಡಾಡುವುದಕ್ಕೆ. ಇಲ್ಲಿ ಹೇಳಿದ ಕ್ರಮದ ಬೆಲೆ ಸ್ಪಷ್ಟವಾಗಿ ಕಾಣುವುದು ಖಾತರಿಯ ಅವಧಿ ತೀರಿದ ಮೇಲೆ, ಅಥವಾ ಕಾರು ಎರಡನೆಯವರ ಕೈಗೆ ಹೋಗುವಾಗ. ಹಳೆಯ ಪೆಟ್ರೋಲ್ ಕಾರನ್ನು ಕೊಳ್ಳುವವರು ಎಷ್ಟು ಕಿಲೋಮೀಟರ್ ಓಡಿದೆಯೆಂದು ಕೇಳುವಂತೆ, ವಿದ್ಯುತ್ ಕಾರನ್ನು ಕೊಳ್ಳುವವರು ಬ್ಯಾಟರಿಯ ಆರೋಗ್ಯವೆಷ್ಟು ಪ್ರತಿಶತವೆಂದು ಕೇಳಬೇಕು. ಸಮನಾಗಿ ಓಡಿದ ಎರಡು ಕಾರುಗಳಲ್ಲಿ ಒಂದರ ಬ್ಯಾಟರಿ ಇನ್ನೊಂದಕ್ಕಿಂತ ಬಹಳ ಸವೆದಿರುವುದು ಸಾಧ್ಯ, ಮತ್ತು ಅದು ಓಡೋಮೀಟರಿನಲ್ಲಿ ಕಾಣುವುದಿಲ್ಲ. ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಪರೀಕ್ಷಿಸಿ ವರದಿ ಪಡೆಯಬಹುದು. ಕೆಲವು ತಯಾರಕರ ದೀರ್ಘಾವಧಿಯ ಖಾತರಿ ಮೊದಲ ಒಡೆಯರಿಗೆ ಮಾತ್ರ ಸಲ್ಲುವುದುಂಟಾದ್ದರಿಂದ, ಮುಂಗಡ ಕೊಡುವ ಮುನ್ನವೇ ವರದಿಯ ಜೊತೆಗೆ ಖಾತರಿಯ ಪತ್ರವನ್ನೂ ತರಿಸಿ, ಎರಡನೆಯ ಒಡೆಯರಿಗೆ ಎಷ್ಟು ವರ್ಷ ಉಳಿಯುತ್ತದೆಂಬುದನ್ನು ಓದಿ ನೋಡತಕ್ಕದ್ದು.